ನೊರೆ ಬಿದ್ದ ಮಣ್ಣು, ಕೆಟ್ಟ ಕೊಳವೆಬಾವಿ: ಎಲೆಕ್ಟ್ರಾನ್ ಕಿರಣದಿಂದ ಎಷ್ಟು ಸಾಧ್ಯ?

ಪ್ರಶ್ನೆ: ಬೆಂಗಳೂರಿನ ಹೊರವಲಯದ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದೇನೆ. ನಮ್ಮ ಹಿಂಬದಿಯ ಖಾಲಿ ಜಾಗದಲ್ಲಿ ಬಹಳ ವರ್ಷ ಬೆಂಕಿ ನಂದಿಸುವ ನೊರೆಯಿಟ್ಟು ಡ್ರಿಲ್ ಮಾಡಿಸುತ್ತಿದ್ದರು. ಈಗ ಅಲ್ಲಿನ ಕೊಳವೆಬಾವಿಯ ನೀರಿನಲ್ಲಿ ಆ ನೊರೆಯಲ್ಲಿದ್ದ ಪಿಎಫ್‌ಒಎಸ್ ಎಂಬ ಫ್ಲೋರಿನ್ ರಾಸಾಯನಿಕ ಲೀಟರಿಗೆ 10 ಮೈಕ್ರೊಗ್ರಾಂ ಇದೆ ಎಂದು ವರದಿ ಬಂದಿದೆ. ಅದೇ ವರದಿಯಲ್ಲಿ ನೈಟ್ರೇಟ್ 45 ಮಿಲಿಗ್ರಾಂ, ಫ್ಲೋರೈಡ್ 1.1 ಮಿಲಿಗ್ರಾಂ. ಮಣ್ಣಿನಲ್ಲೂ ಇದೆ. ಎಲೆಕ್ಟ್ರಾನ್ ಕಿರಣ ಹಾಯಿಸಿದರೆ ಈ ‘ಶಾಶ್ವತ ರಾಸಾಯನಿಕ’ಗಳು ಒಡೆದುಹೋಗುತ್ತವೆ ಎಂದು ಓದಿದೆ. ಯಂತ್ರವನ್ನು ಜಾಗಕ್ಕೇ ತಂದು ನೆಲಕ್ಕೆ ಕಿರಣ ಬಿಡಬಹುದೇ? ಖರ್ಚೆಷ್ಟು? ಆಮೇಲೆ ಆ ಮಣ್ಣು, ನೀರು ವಿಕಿರಣಶೀಲ ಆಗುವುದಿಲ್ಲವೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಏಕೆಂದರೆ ಊರಿನವರು, ಕಾರ್ಮಿಕರು ಮೊದಲು ಕೇಳುವುದು ಅದನ್ನೇ. ಆಗುವುದಿಲ್ಲ. ಈ ಕೆಲಸಕ್ಕೆ ಬಳಸುವ ಎಲೆಕ್ಟ್ರಾನ್‌ಗಳ ಶಕ್ತಿಯನ್ನು 10 ಮೆಗಾ ಎಲೆಕ್ಟ್ರಾನ್ ವೋಲ್ಟ್ (ಮುಂದೆ ಚಿಕ್ಕದಾಗಿ ‘ಮೆಗಾವೋಲ್ಟ್’) ಮೀರದಂತೆ ಇಡುತ್ತಾರೆ. ಆ ಮಿತಿಯನ್ನು ಆರಿಸಿರುವುದೇ ಪರಮಾಣು ಬೀಜಕ್ಕೆ ಕೈಹಾಕುವಷ್ಟು ಬಲ ಕಿರಣಕ್ಕೆ ಇರಬಾರದು ಎಂದು. ಯಂತ್ರದೊಳಗೆ ವಿಕಿರಣಶೀಲ ವಸ್ತುವೂ ಇರುವುದಿಲ್ಲ. ಸ್ವಿಚ್ ಆರಿಸಿದರೆ ಕಿರಣ ನಿಂತಿತು, ಅಷ್ಟೆ. ಯಂತ್ರ ನಡೆಯುವಾಗ ಮಾತ್ರ ಹುಷಾರಾಗಿರಬೇಕು. ಎಲೆಕ್ಟ್ರಾನ್‌ಗಳು ಲೋಹಕ್ಕೆ ಬಡಿದಾಗ ಎಕ್ಸ್-ರೇ ಹುಟ್ಟುತ್ತದೆ. ಅದನ್ನು ತಡೆಯಲು 10 ಮೆಗಾವೋಲ್ಟ್‌ನ ಯಂತ್ರಕ್ಕೆ ಎರಡು ಮೂರು ಮೀಟರ್ ದಪ್ಪದ ಕಾಂಕ್ರೀಟ್ ಗೋಡೆ ಬೇಕು.

ನೆಲಕ್ಕೆ ನೇರವಾಗಿ ಕಿರಣ ಬಿಡುವ ಮಾತು ನಡೆಯುವಂಥದ್ದಲ್ಲ. ಹತ್ತು ಮೆಗಾವೋಲ್ಟ್‌ನ ಎಲೆಕ್ಟ್ರಾನ್ ನೀರಿನಲ್ಲಿ ಸುಮಾರು 5 ಸೆಂಟಿಮೀಟರ್ ಹೋಗಿ ನಿಂತುಬಿಡುತ್ತದೆ. ಅದರಲ್ಲೂ ಸಮವಾಗಿ ಡೋಸ್ ಬೀಳುವುದು ಮೊದಲ ಮೂರೂವರೆ ಸೆಂಟಿಮೀಟರಿಗೆ ಮಾತ್ರ. ಮಣ್ಣಿನ ಸಾಂದ್ರತೆ 1.6 ಎಂದಿಟ್ಟುಕೊಂಡರೆ ಆ ಮೂರೂವರೆ ಎರಡು ಸೆಂಟಿಮೀಟರ್ ಚಿಲ್ಲರೆಗೆ ಇಳಿಯುತ್ತದೆ. ಒಂದು ಮೆಗಾವೋಲ್ಟ್‌ನ ಯಂತ್ರವಾದರೆ ನೀರಿನಲ್ಲಿ ಬಳಕೆಗೆ ಬರುವ ಆಳ ಮೂರು ಮಿಲಿಮೀಟರ್ ಅಷ್ಟೆ. ನಿಮ್ಮ ಕೊಳವೆಬಾವಿಯ ನೀರು ನೂರಾರು ಅಡಿ ಕೆಳಗಿದೆ. ಆದ್ದರಿಂದ ಮಣ್ಣನ್ನು ಅಗೆದು, ನೀರನ್ನು ಮೇಲೆತ್ತಿ, ತೆಳುವಾಗಿ ಹರಡಿ ಕಿರಣದ ಕೆಳಗೆ ಹಾಯಿಸುವುದೊಂದೇ ದಾರಿ. ಬ್ಯಾರೆಲ್‌ನಲ್ಲಿ ತುಂಬಿ ಹಾಗೇ ಇಟ್ಟರೂ ಉಪಯೋಗವಿಲ್ಲ. ಅಂಚಿನ ನೀರಿಗೆ ಕಿರಣ ತಗಲುತ್ತದೆ, ಒಳಗಿನದು ಇದ್ದಂತೆಯೇ ಇರುತ್ತದೆ.

ಈಗ ಮುಖ್ಯ ವಿಷಯ. ಕಿರಣ ಪಿಎಫ್‌ಒಎಸ್ ಅನ್ನು ಹುಡುಕಿಕೊಂಡು ಹೋಗಿ ಒಡೆಯುವುದಿಲ್ಲ. ಅದು ಒಡೆಯುವುದು ನೀರನ್ನು. ನೀರು ಒಡೆದಾಗ ಎರಡು ಬಲಶಾಲಿ ತುಣುಕುಗಳು ಹೆಚ್ಚುಕಡಿಮೆ ಸಮ ಪ್ರಮಾಣದಲ್ಲಿ ಹುಟ್ಟುತ್ತವೆ: ಎಲ್ಲವನ್ನೂ ಉತ್ಕರ್ಷಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಮತ್ತು ನೀರಿನಲ್ಲಿ ಕರಗಿದ ಒಂಟಿ ಎಲೆಕ್ಟ್ರಾನ್. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಬಣ್ಣ, ಕೀಟನಾಶಕ, ದ್ರಾವಕ ಎಲ್ಲವನ್ನೂ ಚಿಂದಿ ಮಾಡುತ್ತದೆ. ಆದರೆ ಫ್ಲೋರಿನ್ ಕವಚ ಹೊದ್ದ ಪಿಎಫ್‌ಒಎಸ್ ಮುಂದೆ ಸೋಲುತ್ತದೆ. ಇಂಗಾಲ-ಫ್ಲೋರಿನ್ ಬಂಧದ ಬಲ ಮೋಲ್‌ಗೆ 485 ಕಿಲೋಜೂಲ್‌ನ ಆಸುಪಾಸು, ಸಾವಯವ ರಸಾಯನದಲ್ಲಿ ಅದರಷ್ಟು ಗಟ್ಟಿ ಬಂಧಗಳು ಕಡಿಮೆ. ಅದನ್ನು ಕಡಿಯುವ ಕೆಲಸ ಎಲೆಕ್ಟ್ರಾನ್‌ನದು. ಅದರ ಅಪಕರ್ಷಣ ವಿಭವ, ಅಂದರೆ ಎಲೆಕ್ಟ್ರಾನ್ ದಾಟಿಸುವ ಬಲದ ಅಳತೆ, ಸುಮಾರು −2.9 ವೋಲ್ಟ್, ನೀರಿನಲ್ಲಿ ಅದಕ್ಕಿಂತ ಬಲವಾದ ಅಪಕರ್ಷಕ ಸಿಗುವುದು ಕಷ್ಟ.

ಪ್ರತಿ ಕಿಲೋಗ್ರೇ ಡೋಸ್‌ಗೆ, ಅಂದರೆ ಕಿಲೋಗೆ ಒಂದು ಕಿಲೋಜೂಲ್ ಶಕ್ತಿ ಇಳಿದಾಗ, ಒಂದು ಲೀಟರ್ ನೀರಿನಲ್ಲಿ ಸುಮಾರು 0.28 ಮಿಲಿಮೋಲ್ ಎಲೆಕ್ಟ್ರಾನ್ ಹುಟ್ಟುತ್ತದೆ. ನಿಮ್ಮ ನೀರಿನಲ್ಲಿರುವ ಪಿಎಫ್‌ಒಎಸ್ ಲೀಟರಿಗೆ 0.00002 ಮಿಲಿಮೋಲ್. ಲೆಕ್ಕದ ಮೇಲೆ ನೋಡಿದರೆ ಒಂದು ಕಿಲೋಗ್ರೇ ಧಾರಾಳವಾಗಿ ಸಾಕಾಗಬೇಕು. ಆಗುವುದಿಲ್ಲ. ಕಾರಣ ಅದೇ ವರದಿಯ ಇನ್ನೊಂದು ಸಾಲಿನಲ್ಲಿದೆ: ನೈಟ್ರೇಟ್ 45 ಮಿಲಿಗ್ರಾಂ.

ಎಲೆಕ್ಟ್ರಾನ್ ಯಾರನ್ನು ಎಷ್ಟು ಬೇಗ ಹಿಡಿಯುತ್ತದೆ ಎಂಬುದಕ್ಕೆ ಅಳೆದ ದರಗಳಿವೆ. ನೈಟ್ರೇಟ್ ಜೊತೆಗಿನ ದರ, ಮೋಲಾರ್ ಸಾಂದ್ರತೆಗೆ ಸೆಕೆಂಡಿಗೆ, ಸುಮಾರು 970 ಕೋಟಿ. ಕರಗಿದ ಆಮ್ಲಜನಕದ ಜೊತೆಗೆ 1,900 ಕೋಟಿ. ಪಿಎಫ್‌ಒಎಸ್ ಜೊತೆಗೆ ಒಂದರಿಂದ ಹತ್ತು ಕೋಟಿಯ ನಡುವೆ. ಈ ದರಗಳನ್ನು ನಿಮ್ಮ ನೀರಿನ ಪ್ರಮಾಣಗಳಿಂದ ಗುಣಿಸಿ: ನೈಟ್ರೇಟ್‌ಗೆ ಸೆಕೆಂಡಿಗೆ 70 ಲಕ್ಷ, ಲೀಟರಿಗೆ 8 ಮಿಲಿಗ್ರಾಂ ಆಮ್ಲಜನಕಕ್ಕೆ ಸುಮಾರು 47 ಲಕ್ಷ, ಪಿಎಫ್‌ಒಎಸ್‌ಗೆ ಒಂದೋ ಒಂದೂವರೆಯೋ. ಹುಟ್ಟಿದ ಕೋಟಿ ಎಲೆಕ್ಟ್ರಾನ್‌ಗಳಲ್ಲಿ ನಿಮ್ಮ ಗುರಿ ಮುಟ್ಟುವುದು ಒಂದರ ಆಸುಪಾಸು. ಮನೆಯವರಿಗೆಂದು ಇಟ್ಟ ಅನ್ನಕ್ಕೆ ಜಾತ್ರೆಯ ಜನ ಪಂಕ್ತಿ ಕೂತ ಹಾಗೆ.

ಹಾಗೆಂದು ಕೈಬಿಡಬೇಕಾಗಿಲ್ಲ. ಆಮ್ಲಜನಕವೂ ನೈಟ್ರೇಟೂ ಎಲೆಕ್ಟ್ರಾನ್ ತಿಂದು ಮುಗಿದುಹೋಗುತ್ತವೆ. ಗಾಳಿ ಸೇರದ ಮುಚ್ಚಿದ ಪಾತ್ರೆಯಲ್ಲಿ ಆಮ್ಲಜನಕ ಮೊದಲ ಒಂದು ಕಿಲೋಗ್ರೇಯಲ್ಲೇ ತೀರುತ್ತದೆ. 45 ಮಿಲಿಗ್ರಾಂ ನೈಟ್ರೇಟ್‌ನ ಮೊದಲ ಹಂತಕ್ಕೆ ಮೂರು ಕಿಲೋಗ್ರೇಯಷ್ಟು, ಅದರಿಂದ ಹುಟ್ಟಿದ ನೈಟ್ರೈಟ್ ಮುಗಿಯಲು ಇನ್ನಷ್ಟು. ಅದಾದ ಮೇಲೆ ಕಾಟ ಕೊಡುವುದು ನೀರಿನಲ್ಲೇ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್, ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಆಮ್ಲದ ಅಯಾನ್. ಪಿಎಫ್‌ಒಎಸ್‌ಗೆ ನೂರಾರು ಕಿಲೋಗ್ರೇ ಬೇಕಾಗುವುದು ಇದೇ ಕಾರಣಕ್ಕೆ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಎಲೆಕ್ಟ್ರಾನ್ ಬೀಮ್ ಕೇಂದ್ರದಲ್ಲಿ ಪಿಎಫ್‌ಒಎಸ್ ಮತ್ತು ಅದೇ ಜಾತಿಯ ಪಿಎಫ್‌ಒಎ ಸೇರಿದ ಮಣ್ಣಿನ ಮೇಲೆ ನಡೆದ ಪ್ರಯೋಗಗಳಲ್ಲಿ 2,000 ಕಿಲೋಗ್ರೇವರೆಗೂ ಹೋಗಿದ್ದಾರೆ. ಶಿಕಾಗೊ ಬಳಿಯ ಫರ್ಮಿಲ್ಯಾಬ್ ಕೂಡ ತನ್ನ ಸಣ್ಣ ವೇಗವರ್ಧಕದಲ್ಲಿ ಪಿಫಾಸ್ (ಪಿಎಫ್‌ಒಎಸ್, ಪಿಎಫ್‌ಒಎಗಳೆಲ್ಲ ಸೇರಿದ ಫ್ಲೋರಿನ್ ರಾಸಾಯನಿಕಗಳ ಇಡೀ ಕುಟುಂಬ) ಇರುವ ನೀರಿನ ಮೇಲೆ ಇದೇ ಕೆಲಸ ಮಾಡಿದೆ.

ಅಳತೆ ಮನಸ್ಸಿಗೆ ಇಳಿಯಲಿ ಎಂದು ಒಂದು ಹೋಲಿಕೆ. ಅಮೆರಿಕಕ್ಕೆ ಹೋಗುವ ಮಾವಿನ ಹಣ್ಣಿಗೆ ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಕೊಡುವ ಗಾಮಾ ಡೋಸ್ ಕನಿಷ್ಠ 0.4 ಕಿಲೋಗ್ರೇ. ನೀವು ಕೇಳುತ್ತಿರುವುದು ಅದರ ಸಾವಿರಪಟ್ಟಿಗೂ ಮಿಕ್ಕಿದ್ದು. ರಸಾಯನಶಾಸ್ತ್ರ ಅಲ್ಲೂ ಇದೇ, ಗಾಮಾ ಕಿರಣ ಆಳಕ್ಕೂ ಇಳಿಯುತ್ತದೆ. ಆದರೆ ಕೋಬಾಲ್ಟ್ ಮೂಲದ ಡೋಸ್ ಗಂಟೆಗೆ ಕೆಲವೇ ಕಿಲೋಗ್ರೇ ಆದ್ದರಿಂದ ಈ ಮಟ್ಟ ಮುಟ್ಟಲು ದಿನಗಟ್ಟಲೆ ಬೇಕು. ಎಲೆಕ್ಟ್ರಾನ್ ಯಂತ್ರ ಅಷ್ಟನ್ನು ಸೆಕೆಂಡು, ನಿಮಿಷಗಳಲ್ಲಿ ಇಳಿಸುತ್ತದೆ.

ಖರ್ಚಿನ ಲೆಕ್ಕಕ್ಕೆ ಒಂದೇ ಸೂತ್ರ ಸಾಕು: ಸೆಕೆಂಡಿಗೆ ಸಂಸ್ಕರಿಸಬಹುದಾದ ಕಿಲೋ ಎಂದರೆ ಕಿರಣದ ಕಿಲೋವ್ಯಾಟ್ ಗುಣಿಸು ಬಳಕೆಯ ಪಾಲು ಭಾಗಿಸು ಕಿಲೋಗ್ರೇ. 100 ಕಿಲೋವ್ಯಾಟ್ ಕಿರಣ, ಅದರಲ್ಲಿ ನೀರಿಗೆ ಇಳಿಯುವುದು ಶೇಕಡಾ 60. ಒಂದು ಕಿಲೋಗ್ರೇ ಸಾಕಾದರೆ ಗಂಟೆಗೆ 216 ಘನ ಮೀಟರ್ ಸಂಸ್ಕರಿಸಬಹುದು. 500 ಕಿಲೋಗ್ರೇ ಬೇಕಾದರೆ ಗಂಟೆಗೆ 432 ಲೀಟರ್. ಯಂತ್ರ ಒಂದೇ, ಫಲ ಐನೂರು ಪಟ್ಟು ಕಡಿಮೆ.

ದಕ್ಷಿಣ ಕೊರಿಯಾದ ಡೇಗುವಿನಲ್ಲಿ ಬಟ್ಟೆ ಬಣ್ಣದ ಕಾರ್ಖಾನೆಗಳ ದಿನಕ್ಕೆ 10,000 ಘನ ಮೀಟರ್ ನೀರನ್ನು 2005ರ ಹೊತ್ತಿಗೇ ಒಂದು ಮೆಗಾವೋಲ್ಟ್, 400 ಕಿಲೋವ್ಯಾಟ್ ಯಂತ್ರದಿಂದ ಸಂಸ್ಕರಿಸಲು ಆಗಿದ್ದು ಏಕೆ ಎಂಬುದಕ್ಕೂ ಇದೇ ಉತ್ತರ. ಅಲ್ಲಿ ಬೇಕಿದ್ದುದು ಒಂದೆರಡು ಕಿಲೋಗ್ರೇ, ಉಳಿದ ಕೆಲಸ ಬ್ಯಾಕ್ಟೀರಿಯಾದ್ದು. ಮಯಾಮಿಯ ವರ್ಜೀನಿಯಾ ಕೀಯಲ್ಲಿ 1.5 ಮೆಗಾವೋಲ್ಟ್ ಯಂತ್ರದ ಕೆಳಗೆ ನೀರನ್ನು ತೆಳು ಹಾಳೆಯಂತೆ ಬೀಳಿಸಿ ಟ್ರೈಕ್ಲೋರೋಎಥಿಲೀನ್‌ನಂಥ ದ್ರಾವಕಗಳನ್ನು ಒಡೆದು ತೋರಿಸಿದ್ದರು. ಆ ದ್ರಾವಕ ಎಲೆಕ್ಟ್ರಾನ್ ಹಿಡಿಯುವ ದರ ಆಮ್ಲಜನಕದಷ್ಟೇ ಜೋರು, ಹೈಡ್ರಾಕ್ಸಿಲ್‌ಗೂ ಬಗ್ಗುತ್ತದೆ. ಹಾಗಾಗಿ ಕೆಲವೇ ಕಿಲೋಗ್ರೇ ಸಾಕಾಗುತ್ತಿತ್ತು. ಈ ಯಶಸ್ಸಿನ ಕಥೆಗಳನ್ನು ತೋರಿಸಿ ಪಿಫಾಸ್‌ಗೂ ಅದೇ ದರದಲ್ಲಿ ಮಾಡಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ರಾಸಾಯನಿಕ ಬೇರೆ, ಡೋಸ್ ಬೇರೆ.

ನಿಮ್ಮ ನೀರಿಗೆ ಬರೋಣ. ಒಂದು ಘನ ಮೀಟರಿಗೆ 500 ಕಿಲೋಗ್ರೇ ಎಂದರೆ ನೀರೊಳಗೆ ಇಳಿಯಬೇಕಾದ ಶಕ್ತಿಯೇ 139 ಯೂನಿಟ್. ಗೋಡೆಯ ಪ್ಲಗ್‌ನಿಂದ ನೀರಿನವರೆಗೆ ಒಟ್ಟು ಶೇಕಡಾ 30 ದಕ್ಕಿದರೆ ಮೀಟರ್‌ನಲ್ಲಿ ಓಡುವುದು 460 ಯೂನಿಟ್ ಮೇಲೆ. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ಘನ ಮೀಟರಿಗೆ ಕರೆಂಟಿಗೇ 3,700 ರೂಪಾಯಿ. ದಿನಕ್ಕೆ 100 ಘನ ಮೀಟರ್ ಎತ್ತಿದರೆ ನಿತ್ಯ ಮೂರೂಮುಕ್ಕಾಲು ಲಕ್ಷ. ಯಾವ ಕಾರ್ಖಾನೆಯೂ ಇದನ್ನು ಮಾಡುವುದಿಲ್ಲ, ಮಾಡಬಾರದು ಕೂಡ.

ಮಾಡಬೇಕಾದ್ದು ಹೀಗೆ: ಮೊದಲು ವಿಷವನ್ನು ಸಣ್ಣ ಗಾತ್ರಕ್ಕೆ ಒಟ್ಟುಗೂಡಿಸಿ, ಕಿರಣವನ್ನು ಆ ಸಾಂದ್ರ ದ್ರವಕ್ಕೆ ಮಾತ್ರ ಬಳಸಿ. 100 ಘನ ಮೀಟರನ್ನು ಐನೂರನೇ ಒಂದು ಭಾಗಕ್ಕೆ, ಅಂದರೆ 200 ಲೀಟರಿಗೆ ಇಳಿಸಿದರೆ ಅದೇ 500 ಕಿಲೋಗ್ರೇಗೆ ದಿನಕ್ಕೆ ಸುಮಾರು 93 ಯೂನಿಟ್, 750 ರೂಪಾಯಿಯ ಕರೆಂಟು. 20 ಕಿಲೋವ್ಯಾಟ್‌ನ ಸಾಧಾರಣ ಯಂತ್ರಕ್ಕೆ ಎರಡೂವರೆ ಗಂಟೆಯೊಳಗಿನ ಕೆಲಸ.

ಒಟ್ಟುಗೂಡಿಸುವ ವಿಧಾನದ ಆಯ್ಕೆಯಲ್ಲೇ ಅನೇಕರು ಎಡವುತ್ತಾರೆ. ಕೈಗೆ ಸುಲಭವಾಗಿ ಸಿಗುವುದು ಆರ್‌ಒ. ಅದು ಪಿಎಫ್‌ಒಎಸ್ ಜೊತೆಗೆ ನೈಟ್ರೇಟ್, ಬೈಕಾರ್ಬೊನೇಟ್, ಸಿಲಿಕಾ ಎಲ್ಲವನ್ನೂ ಸೇರಿಸಿಯೇ ಗಟ್ಟಿ ಮಾಡುತ್ತದೆ. ಅದೂ ಐದಾರು ಪಟ್ಟು ದಾಟುವಷ್ಟರಲ್ಲಿ ನಮ್ಮ ಗಡಸು ನೀರಿಗೆ ಮೆಂಬ್ರೇನ್ ಕಟ್ಟಿಕೊಳ್ಳುತ್ತದೆ. ಅಯಾನ್ ವಿನಿಮಯ ರೆಸಿನ್ ಕೂಡ ನೈಟ್ರೇಟ್ ಹಿಡಿಯುತ್ತದೆ, ತೊಳೆದಾಗ ಅದೂ ಜೊತೆಗೇ ಇಳಿದುಬರುತ್ತದೆ. ಹಾಗಾಗಿ ಕಿರಣದ ಮುಂದೆ ನಿಲ್ಲಿಸಲು ನಮಗೆ ಹೆಚ್ಚು ಒಪ್ಪುವುದು ನೊರೆ ಎಬ್ಬಿಸಿ ಬೇರ್ಪಡಿಸುವ ವಿಧಾನ. ಎತ್ತರದ ಕಂಬದಂಥ ತೊಟ್ಟಿಯ ತಳದಿಂದ ಸಣ್ಣ ಗಾಳಿಗುಳ್ಳೆ ಬಿಟ್ಟರೆ ಪಿಎಫ್‌ಒಎಸ್ ಸೋಪಿನ ಸ್ವಭಾವದ್ದಾದ್ದರಿಂದ ಗುಳ್ಳೆಯ ಮೈಗೆ ಅಂಟಿ ನೊರೆಯಾಗಿ ಮೇಲೆ ಬರುತ್ತದೆ; ನೈಟ್ರೇಟ್ ನೀರಿನಲ್ಲೇ ಉಳಿಯುತ್ತದೆ. ನೊರೆಯನ್ನು ಕೆನೆ ತೆಗೆದಂತೆ ಎಳೆದು, ಕರಗಿಸಿ, ಮತ್ತೆ ಎರಡನೇ, ಮೂರನೇ ತೊಟ್ಟಿಗೆ ಹಾಕಿದರೆ ಗಾತ್ರ ನೂರಾರು ಪಟ್ಟು ಇಳಿಯುತ್ತದೆ. ಒಂದು ಕೊರತೆ ಇದೆ: ನಾಲ್ಕೈದು ಇಂಗಾಲದ ಗಿಡ್ಡ ಸರಪಳಿಯ ಪಿಫಾಸ್‌ಗಳು ನೊರೆಗೆ ಸರಿಯಾಗಿ ಹತ್ತುವುದಿಲ್ಲ. ನಿಮ್ಮ ವರದಿಯಲ್ಲಿ ಅವು ಗಣನೀಯವಾಗಿದ್ದರೆ ನೊರೆ ತೊಟ್ಟಿಯ ನಂತರ ರೆಸಿನ್ ಇಡಲೇಬೇಕು.

ಇನ್ನೊಂದು ಅನುಕೂಲವಿದೆ. ಅಮೆರಿಕದ ಪರಿಸರ ಸಂಸ್ಥೆ 2024ರಲ್ಲಿ ಕುಡಿಯುವ ನೀರಿಗೆ ನಿಗದಿ ಮಾಡಿದ ಮಿತಿ ಪಿಎಫ್‌ಒಎಸ್‌ಗೆ ಲೀಟರಿಗೆ 4 ನ್ಯಾನೊಗ್ರಾಂ. ನಿಮ್ಮ ನೀರಿನಲ್ಲಿರುವುದು 10,000 ನ್ಯಾನೊಗ್ರಾಂ. ಶೇಕಡಾ 99 ಒಡೆದರೂ 100 ಉಳಿಯುತ್ತದೆ, ಶೇಕಡಾ 99.9 ಒಡೆದರೂ 10. ಕೊನೆಯ ಚೂರನ್ನು ಕಿರಣದಿಂದಲೇ ಮುಗಿಸುತ್ತೇನೆಂದು ಹೊರಟರೆ ಡೋಸ್ ಏರುತ್ತಲೇ ಹೋಗುತ್ತದೆ. ಅದರ ಬದಲು ಸಾಂದ್ರ ದ್ರವದಲ್ಲಿ ಶೇಕಡಾ 90 ಒಡೆದು, ಉಳಿದ ದ್ರವವನ್ನು ತಟಸ್ಥಗೊಳಿಸಿ ಮತ್ತೆ ನೊರೆ ತೊಟ್ಟಿಯ ಬಾಯಿಗೇ ಬಿಡಿ. ಹೊರಹೋಗುವ ನೀರಿನ ಶುದ್ಧತೆ ನೋಡಿಕೊಳ್ಳುವುದು ನೊರೆ ತೊಟ್ಟಿ ಮತ್ತು ಅದರ ಹಿಂದಿನ ಇಂಗಾಲ ಅಥವಾ ರೆಸಿನ್‌ನ ಹೊಣೆ. ಕಿರಣಕ್ಕೆ ಒಡೆಯುವುದಷ್ಟೇ ಕೆಲಸ.

ಸಾಂದ್ರ ದ್ರವವನ್ನು ಕಿರಣಕ್ಕೆ ಹೇಗೆ ಸಿದ್ಧ ಮಾಡಬೇಕು? ಮೊದಲು ಕಾಸ್ಟಿಕ್ ಸೋಡಾದಿಂದ ಪಿಎಚ್ ಅನ್ನು 11ರ ಆಚೆಗೆ ಏರಿಸಿ, ಆಗ ಆಮ್ಲದ ಅಯಾನ್ ಎಲೆಕ್ಟ್ರಾನ್ ಕದಿಯುವುದು ನಿಲ್ಲುತ್ತದೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಹೀಗೆ ಮಾಡಿದ ಕೂಡಲೇ ಕ್ಯಾಲ್ಸಿಯಂ ಕಾರ್ಬೊನೇಟೂ ಮೆಗ್ನೀಸಿಯಂ ಹೈಡ್ರಾಕ್ಸೈಡೂ ಬೆಳ್ಳಗೆ ಒತ್ತರಿಸಿ ಬರುತ್ತವೆ. ಅದನ್ನು ತಂಗಲು ಬಿಟ್ಟು, ತಿಳಿಯನ್ನಷ್ಟೇ ಮುಂದಕ್ಕೆ ಕಳಿಸಿ. ಇಲ್ಲದಿದ್ದರೆ ನಾಜಲ್ ಕಟ್ಟಿಕೊಂಡು ನೀರಿನ ಹಾಳೆ ಹರಿದು, ಒಂದು ಕಡೆ ಎರಡು ಪಟ್ಟು ಡೋಸ್, ಇನ್ನೊಂದು ಕಡೆ ಅರ್ಧ ಆಗುತ್ತದೆ. ಕೆಳಗೆ ತಂಗಿದ ಕೆಸರಿಗೂ ಪಿಎಫ್‌ಒಎಸ್ ಅಂಟಿರುತ್ತದೆ, ಅದನ್ನು ಮಾಮೂಲಿ ಕಸಕ್ಕೆ ಸೇರಿಸಬೇಡಿ. ನಂತರ ನೈಟ್ರೋಜನ್ ಹಾಯಿಸಿ ಕರಗಿದ ಆಮ್ಲಜನಕವನ್ನು ಲೀಟರಿಗೆ ಅರ್ಧ ಮಿಲಿಗ್ರಾಂ ಕೆಳಗೆ ತನ್ನಿ. ಹೊತ್ತಾದಂತೆ ಈ ದ್ರವವೇ ನೊರೆಯೇಳುವುದರಿಂದ ನೈಟ್ರೋಜನ್ ಹರಿವು ಮೆಲ್ಲಗಿರಲಿ, ತೊಟ್ಟಿಯ ಮೂರನೇ ಒಂದು ಭಾಗ ಖಾಲಿ ಇರಲಿ.

ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿದ ಕೂಡಲೇ ಎಲೆಕ್ಟ್ರಾನ್ ಜೊತೆ ಸೇರಿ ಎರಡೂ ವ್ಯರ್ಥವಾಗುತ್ತವೆ. ಅದನ್ನು ಬೇರೆ ಕಡೆ ತಿರುಗಿಸಲು ಸೋಡಿಯಂ ಫಾರ್ಮೇಟ್ ಹಾಕಬೇಕು. ಇಲ್ಲಿ ಪ್ರಮಾಣದ ತಪ್ಪು ಸಾಮಾನ್ಯ. ಲೀಟರಿಗೆ 1.36 ಗ್ರಾಂ, ಅಂದರೆ 20 ಮಿಲಿಮೋಲ್, ಒಮ್ಮೆ ಹಾಕಿ ಸುಮ್ಮನಾಗುತ್ತಾರೆ. ಪ್ರತಿ ಕಿಲೋಗ್ರೇಗೆ 0.28 ಮಿಲಿಮೋಲ್ ರ‍್ಯಾಡಿಕಲ್ ಹುಟ್ಟುವುದರಿಂದ ಅದು 70 ಕಿಲೋಗ್ರೇಯೊಳಗೆ ಖಾಲಿ. ಅಲ್ಲಿಂದ ಮುಂದೆ ಡೋಸ್ ಏರಿಸಿದರೂ ಗ್ರಾಫ್ ಚಪ್ಪಟೆಯಾಗುತ್ತದೆ, ‘ಕಿರಣಕ್ಕೆ ಇದಕ್ಕಿಂತ ಒಡೆಯಲು ಆಗುವುದಿಲ್ಲ’ ಎಂದು ವರದಿ ಬರೆದುಬಿಡುತ್ತಾರೆ. ಪ್ರತಿ 50 ಕಿಲೋಗ್ರೇ ಹಾಯಿಸಿದ ಮೇಲೆ ಅಳೆದು ಮತ್ತೆ ಹಾಕಿ. 500 ಕಿಲೋಗ್ರೇಗೆ ಒಟ್ಟು ಲೀಟರಿಗೆ ಒಂಬತ್ತೂವರೆ ಗ್ರಾಂ ಹಿಡಿಯುತ್ತದೆ, 200 ಲೀಟರಿಗೆ ಎರಡು ಕಿಲೋ ಹತ್ತಿರ.

ಐವತ್ತು ಐವತ್ತಾಗಿಯೇ ಹಾಯಿಸಬೇಕಾದ್ದಕ್ಕೆ ಇನ್ನೊಂದು ಕಾರಣ ಶಾಖ. ಒಂದು ಕಿಲೋಗ್ರೇ ನೀರನ್ನು 0.24 ಡಿಗ್ರಿ ಬಿಸಿ ಮಾಡುತ್ತದೆ. ಐವತ್ತಕ್ಕೆ 12 ಡಿಗ್ರಿ, ತಣಿಸಿಕೊಳ್ಳಬಹುದು. ಐನೂರನ್ನು ಒಂದೇ ಸಲ ಕೊಟ್ಟರೆ 120 ಡಿಗ್ರಿ ಏರಿಕೆ, ನೀರು ಕುದಿದುಹೋಗುತ್ತದೆ. ಸುತ್ತುಪಂಪು, ಮಧ್ಯೆ ಶಾಖ ವಿನಿಮಯಕ, ಹತ್ತು ಸುತ್ತು: ವ್ಯವಸ್ಥೆ ಇಷ್ಟು. ಜೊತೆಗೆ ಹೈಡ್ರೋಜನ್ ಅನಿಲ ಬರುತ್ತದೆ, 500 ಕಿಲೋಗ್ರೇಗೆ ಲೀಟರಿಗೆ ಕನಿಷ್ಠ ಅರ್ಧ ಲೀಟರ್, ಫಾರ್ಮೇಟ್ ಇದ್ದರೆ ಇನ್ನೂ ಜಾಸ್ತಿ. ತೊಟ್ಟಿಯ ತಲೆಯಿಂದ ನೈಟ್ರೋಜನ್ ಜೊತೆ ಹೊರಗೆ ಎಳೆಯುವ ಕೊಳವೆ ಇರಲೇಬೇಕು. ಕಿರಣ ಹೊರಬರುವ ಟೈಟೇನಿಯಂ ಹಾಳೆಯ ಕಿಟಕಿ ಕೂದಲಿನಷ್ಟೂ ದಪ್ಪವಿರುವುದಿಲ್ಲ; ಒಂದು ತಟಕು ಕ್ಷಾರ ಸಿಡಿದು ಒಣಗಿ ಕೂತರೂ ಅಲ್ಲಿ ಬಿಸಿ ಹೆಚ್ಚಿ ತೂತು ಬೀಳುತ್ತದೆ, ನಿರ್ವಾತ ಹೋಗುತ್ತದೆ. ಕಿಟಕಿಗೂ ದ್ರವಕ್ಕೂ ನಡುವೆ ಇನ್ನೊಂದು ತೆಳು ಲೋಹದ ಹಾಳೆ, ಎರಡರ ಮಧ್ಯೆ ಗಾಳಿಯ ರಭಸ ಇಟ್ಟರೆ ಇದು ತಪ್ಪುತ್ತದೆ. ಆ ಗಾಳಿಯಲ್ಲಿ ಓಝೋನ್ ಹುಟ್ಟುವುದರಿಂದ ಕಿರಣ ನಿಂತ ಮೇಲೂ ನಿಗದಿತ ಹೊತ್ತು ಎಕ್ಸಾಸ್ಟ್ ಓಡಿದ ನಂತರವೇ ಬಾಗಿಲು ತೆರೆಯುವಂತೆ ಬೀಗ ಇರಲಿ.

ಇಷ್ಟಕ್ಕೆಲ್ಲ ಮೊದಲು ಪ್ರಯೋಗಾಲಯದ ಪರೀಕ್ಷೆ ಮಾಡಿಸಿ. ಹತ್ತು ಮೆಗಾವೋಲ್ಟ್‌ನ ಯಂತ್ರಗಳು ದೇಶದಲ್ಲಿವೆ: ನವಿ ಮುಂಬೈಯ ಖಾರ್‌ಘರ್‌ನಲ್ಲಿ ಬಾರ್ಕ್‌ನ ಎಲೆಕ್ಟ್ರಾನ್ ಬೀಮ್ ಕೇಂದ್ರ, ಇಂದೋರ್‌ನಲ್ಲಿ ರಾಜಾ ರಾಮಣ್ಣ ಕೇಂದ್ರ. ಮಾದರಿ ಎರಡು ಸೆಂಟಿಮೀಟರ್ ದಪ್ಪ ಮೀರದಿರಲಿ. ಡೋಸ್‌ಗಳು 0, 10, 50, 100, 250, 500 ಕಿಲೋಗ್ರೇ, ಪ್ರತಿಯೊಂದಕ್ಕೂ ಮೂರು ಮಾದರಿ. ಶೂನ್ಯ ಡೋಸ್‌ನ ಮಾದರಿಯೂ ಜೊತೆಗೇ ಪ್ರಯಾಣ ಮಾಡಿ ಅಷ್ಟೇ ಬಿಸಿಯಾಗಲಿ. ಪಿಎಫ್‌ಒಎಸ್ ಪಾತ್ರೆಯ ಗೋಡೆಗೆ ಅಂಟಿ ‘ಮಾಯ’ವಾಗುವುದುಂಟು, ಅದನ್ನು ಒಡೆದದ್ದು ಎಂದು ಎಣಿಸಬಾರದು; ಖಾಲಿ ಮಾಡಿದ ಪಾತ್ರೆಯನ್ನು ಮೆಥನಾಲ್‌ನಿಂದ ತೊಳೆದು ಆ ತೊಳೆದ ದ್ರವವನ್ನೂ ಅಳೆಸಿ. ಡೋಸ್ ಅಳೆಯುವ ಅಲನಿನ್ ಗುಳಿಗೆಗಳು 100 ಕಿಲೋಗ್ರೇವರೆಗೆ ನಂಬಬಹುದಾದವು. ಅದಕ್ಕೂ ಮೇಲಿನದಕ್ಕೆ ಪ್ರತಿ ಸುತ್ತಿಗೂ ಹೊಸ ಗುಳಿಗೆ ಇಟ್ಟು ಕೂಡಿಸಬೇಕು.

ಪಾತ್ರೆಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಪಾಲಿಪ್ರೊಪಿಲೀನ್ ಈ ಡೋಸ್‌ಗೆ ಪೆಡಸಾಗಿ ಬಿರುಕು ಬಿಡುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಕಾಣದ ಅಪಾಯ ಟೆಫ್ಲಾನ್‌ನದು. ಗಾಳಿಯ ಸಂಪರ್ಕದಲ್ಲಿ ಟೆಫ್ಲಾನ್‌ಗೆ ಎಲೆಕ್ಟ್ರಾನ್ ಕಿರಣ ಬಿದ್ದರೆ ಅದರ ಉದ್ದ ಸರಪಳಿ ತುಂಡಾಗಿ ಪಿಎಫ್‌ಒಎ ಹುಟ್ಟುತ್ತದೆ. ಟೆಫ್ಲಾನ್ ಪುಡಿ ತಯಾರಿಸುವ ಉದ್ಯಮಕ್ಕೆ ಇದು ಗೊತ್ತಿರುವ ತಲೆನೋವು, ಯುರೋಪಿನ ನಿಯಮದಲ್ಲಿ ಅದಕ್ಕೆಂದೇ ಪ್ರತ್ಯೇಕ ಮಿತಿ ಇದೆ. ಬಾಟಲಿಯ ಮುಚ್ಚಳದೊಳಗಿನ ಬಿಳಿ ಬಿಲ್ಲೆ, ಪಂಪಿನ ಸೀಲ್, ಪೈಪಿನ ಜೋಡಣೆಗೆ ಸುತ್ತುವ ಬಿಳಿ ಟೇಪ್, ಇವಿಷ್ಟು ಸಾಕು, ನಿಮ್ಮ ಮಾದರಿಯಲ್ಲಿ ಇಲ್ಲದ ವಿಷ ಹೊಸದಾಗಿ ಹುಟ್ಟಲು. ಕಿರಣ ಬೀಳುವ ಜಾಗದ ಹತ್ತಿರ ಇವು ಯಾವುವೂ ಬೇಡ. ಸ್ಟೇನ್‌ಲೆಸ್ ಸ್ಟೀಲ್ ತಟ್ಟೆ, ಮೇಲೆ ತೆಳು ಲೋಹದ ಹಾಳೆ ಒಳ್ಳೆಯದು. ಗಾಜಾದರೂ ನಡೆಯುತ್ತದೆ, ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ.

ಫಲಿತಾಂಶ ಬಂದಾಗ ಪಿಎಫ್‌ಒಎಸ್ ಕಡಿಮೆಯಾಯಿತು ಎಂಬ ಒಂದೇ ಸಾಲು ಸಾಲದು. ಅಣು ಒಂದೇ ಏಟಿಗೆ ಪುಡಿಯಾಗುವುದಿಲ್ಲ. ಸರಪಳಿ ಹಂತ ಹಂತವಾಗಿ ಗಿಡ್ಡವಾಗುತ್ತಾ ಟ್ರೈಫ್ಲೋರೋಅಸಿಟಿಕ್ ಆಮ್ಲದವರೆಗೂ ಬರುತ್ತದೆ. ಅಮೆರಿಕದ ಪರಿಸರ ಸಂಸ್ಥೆಯ 1633ನೇ ವಿಧಾನದಲ್ಲಿ 40 ಪಿಫಾಸ್‌ಗಳನ್ನು ಅಳೆಯುತ್ತಾರೆ, ಅದನ್ನೇ ಕೇಳಿ. ನೊರೆಯ ವಿಷಯದಲ್ಲಿ ಇನ್ನೊಂದು ತೊಡಕು: ಅದರಲ್ಲಿ ಪಟ್ಟಿಯಲ್ಲೇ ಇಲ್ಲದ ‘ಪೂರ್ವಜ’ ಸಂಯುಕ್ತಗಳು ಬೇಕಾದಷ್ಟಿರುತ್ತವೆ. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಅವುಗಳ ಮೃದು ತುದಿಯನ್ನು ಕಡಿದು ಪಿಎಫ್‌ಒಎಯಂಥವನ್ನು ಮಾಡಿಬಿಡುತ್ತದೆ. ಹಾಗಾಗಿ ಕಡಿಮೆ ಡೋಸ್‌ನಲ್ಲಿ ಪಿಎಫ್‌ಒಎ ಏರಿದಂತೆ ಕಂಡರೆ ಲ್ಯಾಬ್‌ನವರ ತಪ್ಪೆಂದು ತಳ್ಳಿಹಾಕಬೇಡಿ. ಕಿರಣಕ್ಕೆ ಮೊದಲೇ ಎಲ್ಲ ಪೂರ್ವಜಗಳನ್ನೂ ಉತ್ಕರ್ಷಿಸಿ ಒಟ್ಟು ಮೊತ್ತ ಅಳೆಯುವ ಪರೀಕ್ಷೆಯನ್ನೂ ಮಾಡಿಸಿದ್ದರೆ ಏರಿಕೆ ಎಲ್ಲಿಂದ ಬಂತೆಂದು ತಿಳಿಯುತ್ತದೆ.

ನಿಜವಾಗಿ ಒಡೆದದ್ದಕ್ಕೆ ಸಾಕ್ಷಿ ಬಿಡುಗಡೆಯಾದ ಫ್ಲೋರೈಡ್. ಪಿಎಫ್‌ಒಎಸ್‌ನ ತೂಕದಲ್ಲಿ ಶೇಕಡಾ 65 ಫ್ಲೋರಿನ್. ನಿಮ್ಮ ಮೂಲ ನೀರಿನ 10 ಮೈಕ್ರೊಗ್ರಾಂ ಪೂರ್ತಿ ಒಡೆದರೂ ಬರುವುದು 0.0065 ಮಿಲಿಗ್ರಾಂ ಫ್ಲೋರೈಡ್, ಮೊದಲೇ 1.1 ಮಿಲಿಗ್ರಾಂ ಇರುವ ನೀರಿನಲ್ಲಿ ಅದು ಅಳತೆಗೇ ಸಿಗುವುದಿಲ್ಲ. ಫ್ಲೋರೈಡ್ ಹೆಚ್ಚಿರುವ ನಮ್ಮ ಬಯಲುಸೀಮೆಯ ನೀರಿಗೆಲ್ಲ ಇದೇ ಕಷ್ಟ. ನೊರೆಯಿಂದ ಐನೂರು ಪಟ್ಟು ಗಟ್ಟಿ ಮಾಡಿದ ದ್ರವದಲ್ಲಾದರೆ 5 ಮಿಲಿಗ್ರಾಂ ಪಿಎಫ್‌ಒಎಸ್‌ಗೆ 3.2 ಮಿಲಿಗ್ರಾಂ ಫ್ಲೋರೈಡ್ ಏರಬೇಕು, ಅದನ್ನು ಚೆನ್ನಾಗಿ ಹಿಡಿಯಬಹುದು. ಪಿಎಫ್‌ಒಎಸ್ ಶೇಕಡಾ 95 ಇಳಿದು ಫ್ಲೋರೈಡ್ ಮೂರನೇ ಒಂದು ಭಾಗವಷ್ಟೇ ಏರಿದ್ದರೆ ಉಳಿದದ್ದು ಗಿಡ್ಡ ಸರಪಳಿಗಳಾಗಿ ದ್ರವದಲ್ಲೇ ಇದೆ ಎಂದರ್ಥ. ಡೋಸ್ ಮುಂದುವರಿಸಿ.

ಇನ್ನು ಮಣ್ಣು. ಹತ್ತು ಮೀಟರ್ ಉದ್ದ, ಹತ್ತು ಅಗಲ, ಒಂದು ಮೀಟರ್ ಆಳ ಅಗೆದರೆ 160 ಟನ್. 2,000 ಕಿಲೋಗ್ರೇಗೆ ಮೇಲಿನ ಲೆಕ್ಕದಲ್ಲೇ ಟನ್ನಿಗೆ 1,850 ಯೂನಿಟ್, ಸುಮಾರು 14,800 ರೂಪಾಯಿ. ಒಟ್ಟು ಕರೆಂಟಿಗೇ 24 ಲಕ್ಷದ ಹತ್ತಿರ. 100 ಕಿಲೋವ್ಯಾಟ್ ಕಿರಣವಿದ್ದರೂ ಹಗಲು ರಾತ್ರಿ ಓಡಿ ಎರಡು ತಿಂಗಳು. ಹತ್ತು ಕಿಲೋವ್ಯಾಟ್ ಯಂತ್ರವಾದರೆ ಇಪ್ಪತ್ತು ತಿಂಗಳು. ಮಣ್ಣು ಬೇಗ ಕಾಯುವುದರಿಂದ ಒಂದು ಸುತ್ತಿಗೆ 50 ಕಿಲೋಗ್ರೇ ಕೊಟ್ಟರೂ ಹಸಿ ಮಣ್ಣು 35 ಡಿಗ್ರಿ ಏರುತ್ತದೆ. ನಲವತ್ತು ಸುತ್ತು, ಪ್ರತಿ ಕೆಲವು ಸುತ್ತಿಗೆ ನೀರು ಚಿಮುಕಿಸಿ ಮಗುಚುವುದು. ಒಣಗಲು ಬಿಟ್ಟರೆ ಎಲೆಕ್ಟ್ರಾನ್ ಕರಗಲು ನೀರೇ ಇರುವುದಿಲ್ಲ, ಶಾಖಕ್ಕೆ ಕೆಲವು ಸಂಯುಕ್ತಗಳು ಒಡೆಯದೆ ಆವಿಯಾಗಿ ಹೊರಗೆ ಹೋಗುತ್ತವೆ. ಆದ್ದರಿಂದ ಬೆಲ್ಟಿನ ಮೇಲೆ ಮುಚ್ಚಳ, ಆವಿಯನ್ನು ತೊಳೆಯುವ ಕ್ಷಾರದ ಸ್ಕ್ರಬ್ಬರ್, ಇಂಗಾಲದ ಫಿಲ್ಟರ್ ಇಲ್ಲದೆ ಮಣ್ಣಿಗೆ ಕಿರಣ ಹಾಯಿಸಬಾರದು.

ನಮ್ಮ ಸಲಹೆ: ಮಣ್ಣಿಗೆ ನೇರ ಕಿರಣ ಬೇಡ. ಮರಳು ಮಿಶ್ರಿತ ಮಣ್ಣಾಗಿದ್ದರೆ ನೀರಿನಿಂದ ತೊಳೆದು, ತೊಳೆದ ನೀರನ್ನು ಮೇಲೆ ಹೇಳಿದ ನೊರೆ ತೊಟ್ಟಿಗೇ ಬಿಡಿ. ಜೇಡಿ ಹೆಚ್ಚಿರುವ ಕೆಂಪು ಮಣ್ಣಾದರೆ ತೊಳೆಯುವುದು ಕಷ್ಟ. ಸೂಕ್ಷ್ಮ ಕಣಗಳನ್ನು ಮಾತ್ರ ಬೇರ್ಪಡಿಸಿ, ವಿಷವೆಲ್ಲ ಬಹುಪಾಲು ಅಂಟಿರುವ ಆ ಕೆಸರನ್ನಷ್ಟೇ ಕಿರಣಕ್ಕೆ ಒಯ್ಯಬಹುದು. ಇಲ್ಲಿ ಎಲೆಕ್ಟ್ರಾನ್ ಕಿರಣಕ್ಕೆ ಬೆಳಕಿನ ವಿಧಾನಗಳಿಗೆ ಇಲ್ಲದ ಗುಣವೊಂದಿದೆ. ಸಲ್ಫೈಟ್ ಬೆರೆಸಿ ಅತಿನೇರಳೆ ದೀಪ ಹಾಯಿಸಿದರೂ ಇದೇ ಒಂಟಿ ಎಲೆಕ್ಟ್ರಾನ್ ಹುಟ್ಟುತ್ತದೆ, ತಿಳಿ ದ್ರವಕ್ಕೆ ಅದು ಅಗ್ಗವೂ ಹೌದು. ಆದರೆ ಕದಡಿದ, ಬಣ್ಣದ ದ್ರವದಲ್ಲಿ ಬೆಳಕು ಒಳಗೇ ಹೋಗುವುದಿಲ್ಲ. ಕಿರಣಕ್ಕೆ ಕದಡು ಅಡ್ಡಬರುವುದಿಲ್ಲ. ನಿಮ್ಮ ಸಾಂದ್ರ ದ್ರವ ನೀರಿನಷ್ಟು ತಿಳಿಯಾಗಿದ್ದರೆ ಮೊದಲು ಆ ದೀಪದ ದರಪಟ್ಟಿಯನ್ನೂ ತರಿಸಿ ನೋಡಿ, ನಂತರ ತೀರ್ಮಾನಿಸಿ.

ಕಾಗದಪತ್ರದ ಬಗ್ಗೆ ಎರಡು ಮಾತು. ಯಂತ್ರ ನಿಮ್ಮ ಆವರಣಕ್ಕೆ ಬರುವುದಾದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು, ಗೋಡೆಯ ನಕ್ಷೆಯಿಂದಲೇ ಅದು ಶುರುವಾಗುತ್ತದೆ. ಮಣ್ಣನ್ನಾಗಲಿ ಸಾಂದ್ರ ದ್ರವವನ್ನಾಗಲಿ ಹೊರಗೆ ಸಾಗಿಸುವ ಮುನ್ನ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಿ. ಕಲುಷಿತ ತಾಣಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಪ್ರತ್ಯೇಕ ನಿಯಮಗಳನ್ನೂ ಹೊರಡಿಸಿದೆ. ಪರೀಕ್ಷೆಗೆ ಹತ್ತು ಲೀಟರ್ ಕಳಿಸುವುದಕ್ಕೂ ಮೊದಲು ಇದನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳಿ.

ಅಲ್ಲಿಯವರೆಗೆ ಆ ಕೊಳವೆಬಾವಿಯ ನೀರನ್ನು ಕುಡಿಯಲು, ಕ್ಯಾಂಟೀನಿಗೆ, ಗಿಡಗಳಿಗೆ ಬಿಡುವುದನ್ನು ಇಂದೇ ನಿಲ್ಲಿಸಿ. ಕುದಿಸಿದರೆ ಪಿಎಫ್‌ಒಎಸ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಸುತ್ತಲಿನ ಮನೆಗಳ ಬೋರ್‌ವೆಲ್‌ಗಳ ಮಾದರಿಯನ್ನೂ ಈ ವಾರವೇ ತೆಗೆಸಿ: ಎಚ್‌ಡಿಪಿಇ ಬಾಟಲಿ, ಟೆಫ್ಲಾನ್ ಇಲ್ಲದ ಮುಚ್ಚಳ, ಜೊತೆಗೆ ಹೋಲಿಕೆಗೆಂದು ಲ್ಯಾಬ್‌ನ ಶುದ್ಧ ನೀರು ತುಂಬಿದ ಒಂದು ಬಾಟಲಿ. ಮಾದರಿ ತೆಗೆಯುವವರು ಮಳೆಗೆ ನೆನೆಯದ ಜಾಕೆಟ್ ಹಾಕಿಕೊಂಡು ಹೋಗಬಾರದು. ಆ ಬಟ್ಟೆಯ ಲೇಪದಲ್ಲೂ ಪಿಫಾಸ್ ಇರಬಹುದು.